ಕಾವು ಮತ್ತು ಹದ: ರನ್ನನ ಸೀಮೆಯ ಒಂದು ಗಾಣ

ಮುಧೋಳದಿಂದ ಮಹಾಲಿಂಗಪುರದತ್ತ ಹೋಗುವ ಸೀಮೆಯಲ್ಲಿ, ಕಬ್ಬಿನ ಹೊಲಗಳ ನಡುವೆ, ಒಂದು ಹಳೆಯ ಗಾಣವಿದೆ. ಮೈಸೂರು ಕಡೆಯವರು ಆಲೆಮನೆ ಎನ್ನುವುದನ್ನು ಈ ಭಾಗದ ಜನ ಗಾಣವೆಂದೇ ಕರೆಯುತ್ತಾರೆ. ಅಲ್ಲಿ ನಲವತ್ತು ವರ್ಷಗಳಿಂದ ಪಾಕ ನೋಡುತ್ತ ಬಂದ ಹಿರಿಯರೊಬ್ಬರಿದ್ದಾರೆ. ಪಾಕ ನೋಡುವುದೆಂದರೆ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಗೆ ಬೆಲ್ಲವಾಗಲು ಸಿದ್ಧವಾಯಿತೆಂದು ನಿರ್ಣಯಿಸುವುದು. ಆ ಗಳಿಗೆಗೆ ಮೊದಲೇ ಕೊಪ್ಪರಿಗೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ. ತಡವಾಗಿ ಇಳಿಸಿದರೆ ಕರಗಾಗಿ ಕಹಿಯಾಗುತ್ತದೆ. ಆ ಎರಡರ ನಡುವೆ ಇರುವ ಅವಕಾಶ ಬಹಳ ಕಿರಿದು. ಅದಕ್ಕೆ ಕನ್ನಡದಲ್ಲಿ ಇರುವ ಮಾತು ಒಂದೇ: ಹದ.

ಈ ಹಿರಿಯರಿಗೆ ಸೂರ್ಯಾಸ್ತದ ನಂತರ ಏನನ್ನೂ ಬಾಯಿಗೆ ಹಾಕದ ನಿಯಮವುಂಟು. ಹಂಗಾಮಿನ ದಿನಗಳಲ್ಲಿ ಕೊನೆಯ ಕೊಪ್ಪರಿಗೆ ಕೆಲವೊಮ್ಮೆ ಕತ್ತಲಾದ ಮೇಲೆ ಹದಕ್ಕೆ ಬರುತ್ತದೆ. ಆದುದರಿಂದ ನಾಲಿಗೆಯ ನೆರವಿಲ್ಲದೆ ಪಾಕವನ್ನು ಅಳೆಯುವುದನ್ನು ಅವರು ಎಳೆಯ ವಯಸ್ಸಿನಲ್ಲಿಯೇ ಕಲಿಯಬೇಕಾಯಿತು. ಗುಳ್ಳೆಯ ಗಾತ್ರವನ್ನು ಕಣ್ಣು ನೋಡುತ್ತದೆ, ಕುದಿತದ ಸದ್ದನ್ನು ಕಿವಿ ಕೇಳುತ್ತದೆ, ಮರದ ಹುಟ್ಟಿನಿಂದ ಇಳಿಯುವ ಎಳೆಯ ದಪ್ಪವನ್ನು ಕೈ ಅರಿಯುತ್ತದೆ. ಕೊನೆಗೆ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟು ಬೆರಳುಗಳ ನಡುವೆ ಉರುಳಿಸುತ್ತಾರೆ. ಅದು ಕರಗದೆ, ಅಂಟದೆ, ಗಟ್ಟಿ ಗುಂಡಾದರೆ ಅಪ್ಪಣೆ ಹೊರಡುತ್ತದೆ. ಅಲ್ಲಿಯವರೆಗೆ ಯಾರು ಎಷ್ಟು ಅವಸರಿಸಿದರೂ ಅವರ ಉತ್ತರ ಒಂದೇ: "ತಡೀಪಾ, ಇನ್ನಾ ಹದಾ ಬಂದಿಲ್ಲ."

ಶಾಲೆಯ ಪುಸ್ತಕದಲ್ಲಿ ವಸ್ತುವಿನ ಸ್ಥಿತಿಗಳು ಮೂರು: ಘನ, ದ್ರವ, ಅನಿಲ. ಬರ್ಫ ಕಾದರೆ ನೀರು, ನೀರು ಕಾದರೆ ಆವಿ. ಗಾಣದ ಕೊಪ್ಪರಿಗೆಯೊಳಗೆ ಇದೇ ಪಾಠ ನಡೆಯುತ್ತದೆಯಾದರೂ ಅದರ ಕ್ರಮ ಇಷ್ಟು ನೇರವಲ್ಲ. ಇಲ್ಲಿ ದ್ರವವನ್ನು ಕಾಯಿಸಿ ಘನವನ್ನು ಪಡೆಯುತ್ತಾರೆ.

ಕಬ್ಬಿನ ಹಾಲಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರೇ. 100 ಕಿಲೋ ಹಾಲಿನಿಂದ ದೊರೆಯುವ ಬೆಲ್ಲ ಸುಮಾರು 20 ಕಿಲೋ. ಉಳಿದುದೆಲ್ಲ ಆವಿಯಾಗಿ ಹೊಲದ ಮೇಲೆ ಹಾರಿಹೋಗಬೇಕು. ಒಲೆಯ ಬಾಯಿಗೆ ಒಣಗಿದ ಸಿಪ್ಪೆಯನ್ನೂ ರವದಿಯನ್ನೂ ಎಡೆಬಿಡದೆ ತಳ್ಳುತ್ತಾರೆ. ಹಾಲು ಬಿಸಿಯಾಗುತ್ತಿದ್ದಂತೆ ಸುಣ್ಣದ ತಿಳಿಯನ್ನು ಹಾಕಿ ಹುಳಿಯನ್ನು ಮುರಿಯುತ್ತಾರೆ. ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಬೆರೆಸಿದರೆ ಮಡ್ಡಿ ಮೇಲೆದ್ದು ಬರುತ್ತದೆ. ಅದನ್ನು ತೆಗೆದು ಹಾಕಿದ ಮೇಲೆ ನಿಜವಾದ ಕುದಿತ ಮೊದಲಾಗುತ್ತದೆ. ಆಮೇಲೆ ಬಹಳ ಹೊತ್ತು ಏನೂ ನಡೆಯದಂತೆ ತೋರುತ್ತದೆ. ಒಲೆ ಭೋರ್ಗರೆಯುತ್ತಿದೆ, ಸಿಪ್ಪೆಯ ರಾಶಿ ಕರಗುತ್ತಿದೆ, ಆದರೆ ಹಾಲಿನ ಕಾವು ಮಾತ್ರ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಇಷ್ಟು ಬೆಂಕಿ ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು ಕ್ರಮಬದ್ಧವಾಗಿ ಪರೀಕ್ಷಿಸಿದನು. ಕರಗುತ್ತಿರುವ ಬರ್ಫಕ್ಕೂ ಕುದಿಯುತ್ತಿರುವ ನೀರಿಗೂ ಎಷ್ಟು ಕಾವು ಕೊಟ್ಟರೂ ಉಷ್ಣಮಾಪಕದಲ್ಲಿ ಏರಿಕೆ ಕಾಣುವುದಿಲ್ಲ. ಆ ಕಾವು ವಸ್ತುವನ್ನು ಬಿಸಿಮಾಡುವುದರಲ್ಲಿ ಅಲ್ಲ, ಅದರ ಸ್ಥಿತಿಯನ್ನು ಬದಲಿಸುವುದರಲ್ಲಿ ವ್ಯಯವಾಗುತ್ತದೆ. ಅದಕ್ಕೆ ಗುಪ್ತೋಷ್ಣವೆಂದು ಹೆಸರು. ಒಂದು ಗ್ರಾಂ ಬರ್ಫ ಕರಗಲು 80 ಕ್ಯಾಲರಿ ಸಾಕು. ಒಂದು ಗ್ರಾಂ ಕುದಿನೀರು ಆವಿಯಾಗಲು 540 ಕ್ಯಾಲರಿ ಬೇಕು. ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾದುದಕ್ಕಿಂತ ಆ ಕುದಿನೀರನ್ನು ಬೀಳ್ಕೊಡಲು ಬೇಕಾದ ಕಾವು ಐದು ಪಟ್ಟಿಗಿಂತ ಹೆಚ್ಚು. ಗಾಣದ ಒಲೆ ಹಗಲೆಲ್ಲ ಉರಿಯುವುದು ಈ ಬೀಳ್ಕೊಡುಗೆಗಾಗಿ.

ನೀರು ಕಡಿಮೆಯಾಗಿ ಸಿಹಿ ಒತ್ತಾದಂತೆ ಕುದಿಯುವ ಕಾವು ನಿಧಾನವಾಗಿ ಮೇಲೇರುತ್ತದೆ. 105 ಡಿಗ್ರಿಯ ಸುಮಾರಿಗೆ ಇಳಿಸಿದರೆ ಸುರಿಯುವಂಥ ದ್ರವ ಬೆಲ್ಲ. 116ರಿಂದ 118ರ ನಡುವೆ ಇಳಿಸಿದರೆ ಪೆಂಟಿ ಕಟ್ಟುವ ಗಟ್ಟಿ ಬೆಲ್ಲ. 120 ದಾಟಿದರೆ ಪುಡಿ ಬೆಲ್ಲಕ್ಕೆ ತಕ್ಕ ಪಾಕ. ಅದಕ್ಕೂ ಮುಂದೆ ಹೋದರೆ ಸಿಹಿ ಸುಡಲಾರಂಭಿಸುತ್ತದೆ. ಬೆಳಗಿನಿಂದ ಆಮೆಯಂತೆ ನಡೆದ ಕಾವು ಕೊನೆಯ ಹತ್ತು ಡಿಗ್ರಿಗಳಲ್ಲಿ ಓಡುತ್ತದೆ. ಹಿಡಿದಿಡಲು ಈಗ ನೀರಿಲ್ಲ, ಒಲೆಯ ಕಾವೆಲ್ಲ ಪಾಕಕ್ಕೇ ತಗಲುತ್ತದೆ. ಪಾಕ ನೋಡುವವರು ಆ ಗಳಿಗೆಯಲ್ಲಿ ಯಾರೊಡನೆಯೂ ಮಾತನಾಡದಿರುವುದಕ್ಕೆ ಇದೇ ಕಾರಣ.

ಇಳಿಸಿದ ಪಾಕವನ್ನು ಅಗಲವಾದ ತೊಟ್ಟಿಗೆ ಹರಿಸಿ ಹುಟ್ಟಿನಿಂದ ತಿರುವುತ್ತಾರೆ. ತಣಿಯುತ್ತಿರುವ ಪಾಕದಲ್ಲಿ ಅದು ಹಿಡಿದಿಟ್ಟುಕೊಳ್ಳಬಲ್ಲುದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ತಿರುವಿದಾಗ ಅದು ಎಣಿಕೆಗೆ ಸಿಕ್ಕದಷ್ಟು ಸಣ್ಣ ಹರಳುಗಳಾಗಿ ಒಡೆದು ನಿಲ್ಲುತ್ತದೆ. ಬೆಲ್ಲದ ಮುರುಕಿನಲ್ಲಿ ಕಾಣುವ ಕಣಕಣವಾದ ಹೊಳಪು ಆ ಹರಳುಗಳದು.

ಇಂಥ ಮಾರ್ಪಾಡುಗಳನ್ನು ನಮ್ಮ ಪ್ರಾಚೀನರು ಗಮನಿಸದೆ ಇರಲಿಲ್ಲ. ಕುಂದಕುಂದಾಚಾರ್ಯರು 'ನಿಯಮಸಾರ'ದಲ್ಲಿ ಪುದ್ಗಲಸ್ಕಂಧಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಅತಿಸ್ಥೂಲಕ್ಕೆ ನೆಲ ಮತ್ತು ಬೆಟ್ಟ ಉದಾಹರಣೆ. ಸ್ಥೂಲಕ್ಕೆ ತುಪ್ಪ, ನೀರು, ಎಣ್ಣೆ. ಸ್ಥೂಲಸೂಕ್ಷ್ಮಕ್ಕೆ ನೆರಳು ಮತ್ತು ಬಿಸಿಲು. ಸೂಕ್ಷ್ಮಸ್ಥೂಲಕ್ಕೆ ಕಣ್ಣಿಗೆ ಕಾಣದೆ ಮಿಕ್ಕ ನಾಲ್ಕು ಇಂದ್ರಿಯಗಳಿಗೆ ಗೋಚರವಾಗುವ ವಸ್ತು. ಕೊನೆಯ ಎರಡು ಇಂದ್ರಿಯಗಳಿಗೆ ನಿಲುಕದವು. ಮೊದಲೆರಡರ ಭೇದವನ್ನು 'ಪಂಚಾಸ್ತಿಕಾಯ'ದ ಟೀಕಾಕಾರರಾದ ಅಮೃತಚಂದ್ರಸೂರಿಗಳು ಒಂದು ಸರಳ ಪರೀಕ್ಷೆಯಿಂದ ತಿಳಿಸುತ್ತಾರೆ. ಕಟ್ಟಿಗೆ, ಕಲ್ಲು ಒಮ್ಮೆ ಒಡೆದರೆ ತಾವಾಗಿ ಕೂಡಿಕೊಳ್ಳಲಾರವು. ಹಾಲು, ತುಪ್ಪ, ಎಣ್ಣೆ, ನೀರು, ರಸ ಇವು ಬೇರೆಯಾದರೂ ಮತ್ತೆ ತಾವಾಗಿ ಒಂದಾಗುತ್ತವೆ. ಘನಕ್ಕೂ ದ್ರವಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸ್ವಚ್ಛವಾಗಿ ಹೇಳುವುದು ಕಷ್ಟ.

ಇದನ್ನು ಮುಂದಿಟ್ಟುಕೊಂಡು ಆಧುನಿಕ ವಿಜ್ಞಾನವನ್ನೆಲ್ಲ ಪ್ರಾಚೀನರು ಮೊದಲೇ ಹೇಳಿದ್ದರೆಂದು ಹಿಗ್ಗಬೇಕಾಗಿಲ್ಲ. ಅವರ ವಿಂಗಡಣೆ ಇಂದ್ರಿಯಗಳನ್ನು ಅಳತೆಗೋಲಾಗಿ ಮಾಡಿಕೊಂಡದ್ದು; ಇಂದಿನದು ಅಣುಗಳ ಚಲನೆಯನ್ನು. ಆದರೂ ಆ ಉದಾಹರಣೆಗಳು ಈ ಸೀಮೆಯ ಮನೆಗಳಲ್ಲಿ ಇಂದಿಗೂ ಜೀವಂತವಾಗಿವೆ. ಜಮಖಂಡಿಯ ಮನೆಯೊಂದರಲ್ಲಿ ಪುಷ್ಯಮಾಸದ ಬೆಳಗಿನಲ್ಲಿ ಹೆಪ್ಪುಗಟ್ಟಿ ಚಮಚಕ್ಕೆ ಮಣಿಯದ ತುಪ್ಪ, ವೈಶಾಖದಲ್ಲಿ ಅದೇ ಗಿಂಡಿಯಲ್ಲಿ ಎಣ್ಣೆಯಂತೆ ಹರಿಯುತ್ತದೆ. ಹಾಗಾದರೆ ತುಪ್ಪವು ಸ್ಥೂಲವೆಂಬುದು ತುಪ್ಪದ ಗುಣವಷ್ಟೇ ಅಲ್ಲ, ಋತುವಿನ ಗುಣವೂ ಹೌದು. ಗಾಣದ ಮೇಲೆ ಏಳುವ ಬೆಳ್ಳನೆಯ ಹೊಗೆಯಂಥದ್ದನ್ನು ಜನ ಆವಿಯೆನ್ನುತ್ತಾರೆ. ನಿಜವಾಗಿ ಅದು ತಣಿದು ಮತ್ತೆ ಹನಿಯಾದ ನೀರು. ಶುದ್ಧವಾದ ಆವಿ ಕಣ್ಣಿಗೆ ಕಾಣದು. ಕೊಪ್ಪರಿಗೆಯ ಅಂಚಿಗೂ ಆ ಬಿಳುಪಿಗೂ ನಡುವೆ ಏನೂ ಇಲ್ಲದಂತೆ ತೋರುವ ಗೇಣುದ್ದದ ತೆರಪಿನಲ್ಲಿ ಅದು ಇರುತ್ತದೆ. ಅಲ್ಲಿ ಕೈ ಚಾಚಿದವರಿಗೆ ಮಾತ್ರ ಅದರ ಇರವು ಗೊತ್ತಾಗುತ್ತದೆ. ಹಿರಿಯರ ಬಲ ಮುಂಗೈಯಲ್ಲಿ ಅಂಥ ತಿಳಿವಳಿಕೆಯ ಹಳೆಯ ಕಲೆಯೊಂದಿದೆ.

ಈ ನೆಲ ರನ್ನನದು. 949ರಲ್ಲಿ ಹುಟ್ಟಿದ ಆ ಕವಿ, ಜಂಬುಖಂಡಿ ಎಪ್ಪತ್ತರ ಮುದುವೊಳಲು ತನ್ನ ಊರೆಂದು ಹೇಳಿಕೊಂಡಿದ್ದಾನೆ. ಅಂದರೆ ಇಂದಿನ ಜಮಖಂಡಿಯ ಸೀಮೆ, ಇಂದಿನ ಮುಧೋಳ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಬಳೆಗಾರರ ಮನೆತನ. ಬಳೆಯೆಂದರೆ ಕಾವಿಗೆ ಮಣಿದು ಕಾವು ಬಿಟ್ಟಾಗ ನಿಂತ ವಸ್ತು. ಗಾಜಿಗೆ ಬರ್ಫದಂತೆ ಕರಗುವ ಒಂದೇ ಬಿಂದುವಿಲ್ಲ. ಅದು ಮೆಲ್ಲಮೆಲ್ಲನೆ ಮೆತ್ತಗಾಗುತ್ತದೆ. ಹಾಗಿರುವುದರಿಂದಲೇ ಅದನ್ನು ಬಳಸಿ ಬಾಗಿಸಲು ಕುಶಲಿಗೆ ಬಿಡುವು ಸಿಗುತ್ತದೆ. ಬೆಲ್ಲದ ಪಾಕಕ್ಕೆ ಅಷ್ಟು ದಯೆಯಿಲ್ಲ.

ರನ್ನನ 'ಗದಾಯುದ್ಧ'ವನ್ನು ಓದಿದವರು ಮರೆಯದ ಒಂದು ಸನ್ನಿವೇಶವಿದೆ. ಸೋತ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತ ಭೀಮ ಆರ್ಭಟಿಸುತ್ತಾನೆ. ಆ ಮಾತಿನ ಕಾವಿಗೆ ಕೌರವನು ನೀರಿನೊಳಗಿದ್ದೂ ಬೆವರಿದನೆಂದು ಕವಿ ಹೇಳುತ್ತಾನೆ. ಅತಿಶಯವೆಂದು ಮೆಚ್ಚಿ ಮುಂದೆ ಹೋಗುವ ಮಾತು ಇದು. ಆದರೆ ಗಾಣದ ಒಲೆಯೆದುರು ನಿಂತು ಇದನ್ನು ನೆನೆದರೆ ಅರ್ಥ ಇನ್ನೊಂದು ತೆರದಲ್ಲಿ ತೆರೆದುಕೊಳ್ಳುತ್ತದೆ. ಬೆವರು ದೇಹವನ್ನು ತಂಪಾಗಿಸುವುದು ತಾನು ಒದ್ದೆಯಾಗಿರುವುದರಿಂದಲ್ಲ, ಆರಿ ಆವಿಯಾಗುವುದರಿಂದ. ಆವಿಯಾಗುವಾಗ ಅದು ಗುಪ್ತೋಷ್ಣವನ್ನು ಮೈಯಿಂದ ಎತ್ತಿಕೊಂಡು ಹೋಗುತ್ತದೆ. ನೀರೊಳಗೆ ಬೆವರಿದರೆ ಆ ಬೆವರು ಆರುವಂತಿಲ್ಲ. ಸರೋವರದ ತಂಪು ಮೈಯನ್ನು ಮುಟ್ಟಬಹುದು. ಒಳಗಿನ ಉರಿಗೆ ಮಾತ್ರ ಹೊರದಾರಿಯಿಲ್ಲ. ಸುತ್ತಲೂ ತಂಪೇ ತುಂಬಿದ್ದರೂ ಬೇಯುತ್ತಿರುವ ಮನುಷ್ಯನನ್ನು ಚಿತ್ರಿಸಲು ಇದಕ್ಕಿಂತ ತಕ್ಕ ಕಲ್ಪನೆ ಸಿಗಲಾರದು. ಬೇಸಗೆಯ ಬಿರುಬಿಸಿಲಿನ ಈ ಸೀಮೆಯಲ್ಲಿ ಬೆಳೆದ ಕವಿಗೆ ಬೆವರಿನ ಬೆಲೆ ಗೊತ್ತಿತ್ತು. ಕೊಪ್ಪರಿಗೆಯ ಬದಿಯಲ್ಲಿ ದುಡಿಯುವವರಿಗೂ ಅದು ಗೊತ್ತು. ಆವಿಯಿಂದ ತುಂಬಿದ ಗಾಳಿಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಆದ್ದರಿಂದಲೇ ಅವರು ಆಗಾಗ ಹೊರಗೆ ಬಂದು, ಹೊಲದ ಗಾಳಿಗೆ ಬೆನ್ನೊಡ್ಡಿ ನಿಲ್ಲುತ್ತಾರೆ.

ಕಾವು ಎಲ್ಲವನ್ನೂ ಕರಗಿಸುತ್ತದೆಯೆಂಬುದು ಅರ್ಧ ಸತ್ಯ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಹಾಸಿನ ನೂಲಿಗೆ ಗಂಜಿ ಕೊಡುವ ಕೆಲಸವನ್ನು ನೋಡಿದವರಿಗೆ ಇನ್ನರ್ಧ ತಿಳಿದಿರುತ್ತದೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿದರೆ ಅದು ತಳಕ್ಕೆ ಇಳಿಯುತ್ತದೆ. ಕಾಯಿಸಿದರೆ, ಕುದಿತಕ್ಕೆ ಬಹಳ ಮೊದಲೇ, ಅದರ ಕಣಗಳು ನೀರು ಕುಡಿದು ಉಬ್ಬಿ ಒಡೆದು ಎಲ್ಲವೂ ಮಂದವಾಗುತ್ತದೆ. ತುಪ್ಪವನ್ನು ತೆಳ್ಳಗಾಗಿಸುವ ಕಾವು ಹಿಟ್ಟಿನ ನೀರನ್ನು ಮಂದವಾಗಿಸುತ್ತದೆ. ಇನ್ನೊಂದು ಭೇದವೂ ಇದೆ. ತುಪ್ಪ ತಣಿದರೆ ಮೊದಲಿನ ತುಪ್ಪವೇ. ಗಂಜಿ ತಣಿದರೆ ಮತ್ತೆ ಹಿಟ್ಟಾಗುವುದಿಲ್ಲ. ಹೋಗಿ ಬರುವ ಬದಲಾವಣೆಗಳಿವೆ, ಹೋದರೆ ಬಾರದ ಬದಲಾವಣೆಗಳೂ ಇವೆ.

ಬೀಳಗಿಯ ಕಡೆಯ ಜನರಿಗೆ ಈ ಭೇದವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ನೀರು 519.60 ಮೀಟರಿನವರೆಗೆ ನಿಂತಾಗ ಆ ತಾಲ್ಲೂಕಿನ ಅನೇಕ ಊರುಗಳು ನೆಲೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವು. ಪ್ರತಿ ಬೇಸಗೆಯಲ್ಲಿ ಹಿನ್ನೀರು ಒಂದಿಷ್ಟು ಕಾಲುವೆಗೆ ಹರಿದು, ಒಂದಿಷ್ಟು ಬಿಸಿಲಿಗೆ ಆರಿ ಹಿಂದೆ ಸರಿಯುತ್ತದೆ. ಆವಿಯಾಗಲು ನೀರು ಕುದಿಯಲೇಬೇಕೆಂದಿಲ್ಲ. ಸೂರ್ಯನ ಕಾವು ಸಾಕು. ಮುಳುಗಿದ್ದ ನೆಲ ಆಗ ಮತ್ತೆ ಬೆಳಕಿಗೆ ಬರುತ್ತದೆ. ನೆಲ ಬರುತ್ತದೆ, ಊರು ಬರುವುದಿಲ್ಲ.

ಗಾಣದ ಹಿರಿಯರಿಗೆ ಬಂದ ಚಿಂತೆಯೂ ಇದೇ ಜಾತಿಯದು. ಕೆಲವು ವರ್ಷಗಳಿಂದ ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಗುಳ್ಳೆಯ ಗಾತ್ರ ಕಾಣದೆ, ತಣ್ಣೀರಿನ ಪರೀಕ್ಷೆಗೆ ಕೈ ಹಾಕುವುದು ತಡವಾಗಿ, ಒಂದು ಇಡೀ ಕೊಪ್ಪರಿಗೆ ಹದ ಮೀರಿತು. ಇಳಿಸಿದಾಗ ಪಾಕ ಕಡುಗಂದಾಗಿತ್ತು. ಸುಟ್ಟ ವಾಸನೆ ಮೊದಲೇ ಹೊಲ ದಾಟಿತ್ತು. ಸುಟ್ಟ ಸಿಹಿಯನ್ನು ಮರಳಿ ಬೆಲ್ಲ ಮಾಡುವ ಉಪಾಯ ಲೋಕದಲ್ಲಿ ಎಲ್ಲಿಯೂ ಇಲ್ಲ. ಕೂಲಿಯವರು ಮಾತಾಡಲಿಲ್ಲ. ಮಗನೂ ಮಾತಾಡಲಿಲ್ಲ. ಹಿರಿಯರು ಹುಟ್ಟನ್ನು ತೊಳೆದು ಗೋಡೆಗೆ ಒರಗಿಸಿ ಮನೆಗೆ ನಡೆದರು.

ಮುಂದಿನ ವಾರ ಮಗ ಉದ್ದನೆಯ ಕೋಲಿನ ಉಷ್ಣಮಾಪಕವೊಂದನ್ನು ತಂದನು. ತಂದೆ ಅದರ ಕಡೆ ನೋಡಲಿಲ್ಲ. ನಲವತ್ತು ವರ್ಷ ಬೆರಳಿನಲ್ಲಿದ್ದ ವಿದ್ಯೆಯನ್ನು ಒಂದು ಕೋಲು ಕಿತ್ತುಕೊಂಡಿತೆಂಬ ನೋವು ಅವರದಾಗಿತ್ತು. ಮಗ 118 ಎಂದು ಕೂಗಿದಾಗ ಕೊಪ್ಪರಿಗೆ ಇಳಿಯತೊಡಗಿತು. ಬೆಲ್ಲ ಚೆನ್ನಾಗಿಯೇ ಕಟ್ಟಿತು. ಹದಿನೈದು ದಿನ ಹೀಗೆ ನಡೆಯಿತು. ಆ ಹದಿನೈದು ದಿನ ಹಿರಿಯರು ಒಲೆಯ ಬಾಯಿಯ ಹತ್ತಿರ ಕುಳಿತು ರವದಿ ತಳ್ಳುವವರಿಗೆ ಸುಮ್ಮನೆ ಕೈ ನೆರವಾದರು.

ಒಂದು ದಿನ ಕಡಿದು ನಾಲ್ಕು ದಿನ ಬಿದ್ದಿದ್ದ ಕಬ್ಬು ಗಾಣಕ್ಕೆ ಬಂದಿತು. ಕೋಲು 118 ತೋರಿಸಿತು. ಮಗ ಇಳಿಸಲು ಹೇಳುವಷ್ಟರಲ್ಲಿ ಹಿರಿಯರು ಎದ್ದು ಬಂದು ತಣ್ಣೀರಿನಲ್ಲಿ ಒಂದು ತೊಟ್ಟು ಬಿಟ್ಟು ಉರುಳಿಸಿದರು. ಗುಂಡು ಬೆರಳಿಗೆ ಅಂಟಿತು. "ಇದು ಕಟ್ಟೂದಿಲ್ಲೋ. ಹಳೀ ಕಬ್ಬು. ಹಾಲು ಹುಳಿ ಒಡದೈತಿ." ಅವರ ಮಾತು ನಿಜವಾಗಿತ್ತು. ಕಡಿದ ಕಬ್ಬು ದಿನಗಟ್ಟಲೆ ನಿಂತರೆ ಅದರ ಸಕ್ಕರೆ ಒಡೆದು ಹರಳಾಗದ ಬೇರೆ ಎರಡು ಸಿಹಿಗಳಾಗುತ್ತದೆ. ಉಷ್ಣಮಾಪಕ ಪಾಕದ ಕಾವನ್ನು ಹೇಳಬಲ್ಲದು. ಪಾಕ ಏನಾಗಿದೆಯೆಂಬುದನ್ನು ಹೇಳಲಾರದು. ಅದನ್ನು ಬೆರಳು ಹೇಳಿತು. ಆ ಕೊಪ್ಪರಿಗೆಯನ್ನು ಪೆಂಟಿಗೆ ಒಯ್ಯದೆ ಕಾಕಂಬಿಯಾಗಿ ಡಬ್ಬಿಗಳಿಗೆ ತುಂಬಿದರು. ಸಂಜೆ ಮಗ ಕೋಲನ್ನು ಒರೆಸಿ ಗೂಡಿನಲ್ಲಿಟ್ಟು, "ಯಪ್ಪಾ, ನಾಳಿಂದ ಎರಡೂ ನೋಡೂಣು," ಎಂದನು. ತಂದೆ ಹೂಂಗುಟ್ಟಿದರು.

ಸಮಂತಭದ್ರಾಚಾರ್ಯರ 'ಆಪ್ತಮೀಮಾಂಸೆ'ಯಲ್ಲಿ ಚಿನ್ನದ ದೃಷ್ಟಾಂತವೊಂದಿದೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರು. ಕಲಶವನ್ನು ಬಯಸಿದ್ದವನು ಅತ್ತನು. ಕಿರೀಟವನ್ನು ಬಯಸಿದ್ದವನು ನಲಿದನು. ಚಿನ್ನವನ್ನೇ ಬಯಸಿದ್ದವನಿಗೆ ಅಳುವೂ ಇಲ್ಲ, ನಗುವೂ ಇಲ್ಲ. ನಾಶ, ಉತ್ಪತ್ತಿ, ಸ್ಥಿತಿ ಈ ಮೂರೂ ಒಂದೇ ವಸ್ತುವಿನಲ್ಲಿ ಒಂದೇ ಗಳಿಗೆಯಲ್ಲಿ ಇರುತ್ತವೆಂಬುದಕ್ಕೆ ಆ ಮೂವರ ಭಾವಗಳೇ ಸಾಕ್ಷಿಯೆಂದು ಆಚಾರ್ಯರ ವಾದ. ವಿದ್ಯೆಗೂ ಈ ದೃಷ್ಟಾಂತ ಸಲ್ಲುತ್ತದೆ. ಬೆರಳಿನಲ್ಲಿದ್ದ ಹದ ಅಂಕಿಯಾಗಿ ಬದಲಾಗುವಾಗ ಬೆರಳನ್ನೇ ವಿದ್ಯೆಯೆಂದು ಭಾವಿಸಿದವರು ದುಃಖಿಸುತ್ತಾರೆ, ಅಂಕಿಯನ್ನೇ ವಿದ್ಯೆಯೆಂದು ತಿಳಿದವರು ಹಿಗ್ಗುತ್ತಾರೆ. ಬೆಲ್ಲ ಸರಿಯಾಗಿ ಕಟ್ಟಬೇಕೆಂಬುದೊಂದನ್ನೇ ಬಯಸಿದವರಿಗೆ ಎರಡೂ ಬೇಕು. ಹದಿನೈದು ದಿನ ಹಿರಿಯರು ಕಲಶಕ್ಕಾಗಿ ಅತ್ತಿದ್ದರು. ಹಳೆಯ ಕಬ್ಬಿನ ಆ ಕೊಪ್ಪರಿಗೆಯ ಮುಂದೆ ಅವರಿಗೆ ಬೇಕಾದದ್ದು ಚಿನ್ನವೆಂದು ನೆನಪಾಯಿತು.

ಇಂದು ಈ ಸೀಮೆಯ ಕಬ್ಬಿನ ಬಹುಪಾಲು ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಕಾರ್ಖಾನೆಗೆ ರನ್ನನದೇ ಹೆಸರು. ಕಾರ್ಖಾನೆಗಳಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸಿ, ಕಡಿಮೆ ಕಾವಿನಲ್ಲಿಯೇ ರಸವನ್ನು ಕುದಿಸುತ್ತಾರೆ. ಒಂದು ಪಾತ್ರೆಯ ಆವಿಯಿಂದ ಇನ್ನೊಂದು ಪಾತ್ರೆಯನ್ನು ಕಾಯಿಸಿ ಗುಪ್ತೋಷ್ಣವನ್ನು ಮತ್ತೆ ಮತ್ತೆ ದುಡಿಸಿಕೊಳ್ಳುತ್ತಾರೆ. ಗಾಣದ ಆವಿ ಒಮ್ಮೆ ಹಾರಿದರೆ ಹಾರಿತು. ಲೆಕ್ಕದ ದೃಷ್ಟಿಯಿಂದ ಗಾಣ ಸೋಲುತ್ತದೆ. ಆದರೂ ಮಹಾಲಿಂಗಪುರದ ಪೇಟೆಗೆ ಬೆಲ್ಲದ ಪೆಂಟಿಗಳು ಇನ್ನೂ ಬರುತ್ತಿವೆ.

ಮಳೆಗಾಲದಲ್ಲಿ ಆ ಪೆಂಟಿಗಳನ್ನು ಕಾಯುವುದೂ ಒಂದು ಕೆಲಸ. ಬೆಂಕಿಯ ಸೋಂಕಿಲ್ಲದೆಯೇ ಬೆಲ್ಲ ಮೆತ್ತಗಾಗಿ ನೀರು ಬಿಡುತ್ತದೆ. ಅದು ಬೆಲ್ಲದೊಳಗಿನ ನೀರಲ್ಲ. ಗಾಳಿಯಲ್ಲಿರುವ ಕಾಣದ ಆವಿಯನ್ನು ಬೆಲ್ಲ ತನ್ನತ್ತ ಸೆಳೆದುಕೊಂಡದ್ದು. ಬೇಸಗೆಗೆ ಮುನ್ನ ಒಲೆಯಿಟ್ಟು ಓಡಿಸಿದ ನೀರು ಆಷಾಢದಲ್ಲಿ ಹೀಗೆ ಹಿಂದಿರುಗುತ್ತದೆ. ಅದಕ್ಕೆಂದೇ ಹಿರಿಯರು ಪೆಂಟಿಗಳ ಕೆಳಗೆ ಒಣ ರವದಿ ಹಾಸಿ, ಮೇಲೆಯೂ ಹೊದಿಸಿ, ಗಾಳಿ ತಾಕದಂತೆ ಕೋಣೆಯ ಕದ ಮುಚ್ಚುತ್ತಾರೆ. ಮುಚ್ಚುವ ಮೊದಲು ಕೊನೆಯ ಪೆಂಟಿಯೊಂದನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಮಗನೂ ತಟ್ಟಿ ನೋಡುತ್ತಾನೆ.